ವಿಳಾಸದ ಕೊನೆಯ ಸಂಖ್ಯೆ

ದೊಡ್ಡಬಳ್ಳಾಪುರದ ನಮ್ಮ ನೇಕಾರರ ಸಂಘದಲ್ಲಿ ಸೀರೆಯ ಹೊಸ ವಿನ್ಯಾಸಗಳನ್ನು ವೆಬ್‌ಸೈಟಿನಲ್ಲೇ ಸಲ್ಲಿಸುವ ಕ್ರಮ ತಂದವನು ನಾನು. ಪುಟದ ವಿಳಾಸದ ಕೊನೆಯಲ್ಲಿ ಸದಸ್ಯ ಸಂಖ್ಯೆ ಸ್ಪಷ್ಟವಾಗಿ ಕಾಣಬೇಕೆಂದು ಹಟ ಹಿಡಿದವನೂ ನಾನೇ.

ಒಂದು ಬೆಳಿಗ್ಗೆ ಸದಸ್ಯೆ ಸರೋಜಮ್ಮ ಬಂದು, ನನ್ನೆದುರೇ ಫೋನಿನಲ್ಲಿ ತಮ್ಮ ನಲವತ್ತೊಂದನ್ನು ಅಳಿಸಿ ನಲವತ್ತೆರಡು ಒತ್ತಿದರು. ಪಕ್ಕದ ಮನೆಯವರ ಸೆರಗಿನ ವಿನ್ಯಾಸ ತೆರೆದುಕೊಂಡಿತು.

“ಅವ್ರು ನಮ್ಮನೆಗೆ ಬಂದ್ರೆ ಮಗ್ಗಕ್ಕೆ ಬಟ್ಟೆ ಹೊದಿಸ್ತೀನಿ ಸಾರ್. ನೀವ್ ನೋಡಿದ್ರೆ ಎಲ್ಲಾ ಬೀದೀಲಿ ಹರವಿಟ್ಟಿದ್ದೀರಲ್ಲ! ನನ್ನ ಹಬ್ಬದ ಡಿಸೈನ್ ಯಾರಾದ್ರೂ ಕದ್ರೆ?”

ಅಂದೇ ಪುಟ ಮುಚ್ಚಿಸಿದೆ. ಸರಿಪಡಿಸಿ ಮತ್ತೆ ತೆರೆದ ಪುಟದ ವಿಳಾಸದಲ್ಲಿ ಈಗ ಸಂಖ್ಯೆ ಯಾರೂ ಊಹಿಸಲಾಗದ ಅಕ್ಷರಗಳ ಗೂಢಲಿಪಿಯಾಗಿ ಹೋಗುತ್ತದೆ. ಕೇಳುವವರು ಯಾರೆಂದು ಪರಿಶೀಲಿಸದೆ ಸರ್ವರ್ ಏನನ್ನೂ ತೋರಿಸದು.

ಸರೋಜಮ್ಮ ಮಾತ್ರ ಇಂದಿಗೂ ವಾರಕ್ಕೊಮ್ಮೆ ಆ ಗೂಢಲಿಪಿಯಲ್ಲಿ ಒಂದಕ್ಷರ ಬದಲಿಸಿ ನೋಡುತ್ತಾರೆ. ನನಗಿಟ್ಟ ಪರೀಕ್ಷೆಯಂತೆ. ನಾನು ಆಕ್ಷೇಪಿಸಿಲ್ಲ.