ಉಣ್ಣದ ಮನೆಯ ಋಣ

ಐರ್ಲೆಂಡಿನ ಕನ್ನಡಿಗರಲ್ಲಿ ಎಂಜಿನಿಯರುಗಳಿಗೂ ವೈದ್ಯರಿಗೂ ಬರವಿಲ್ಲ. ಆದರೆ ಹುಟ್ಟಾ ಸಸ್ಯಾಹಾರಿಯಾಗಿದ್ದು, ಇಟಾಲಿಯನ್ ಸ್ಟೇಕ್ ಹೌಸಿನ ಬೆಂಕಿಯ ಮುಂದೆ ಎರಡು ದಶಕ ನಿಂತು, ಡಬ್ಲಿನ್ನಿಗರು ತಲೆದೂಗುವಂತೆ ಮಾಂಸ ಸುಟ್ಟವರು ಶ್ರೀಯುತ ಶ್ರೀವತ್ಸರೊಬ್ಬರೇ. ಅವರು ನಿವೃತ್ತರಾದರೂ ನಮ್ಮ ಬೆರಗು ಇನ್ನೂ ಇಳಿದಿಲ್ಲ.

ಇಟಲಿಯಿಂದ ಬಂದ ಹಿರಿಯರು ತೆರೆದ ಮೀನು-ಚಿಪ್ಸಿನ ಅಂಗಡಿಯನ್ನು ಮಗ ರೆನಾತೋ ಅವರು ಡಬ್ಲಿನ್ನಿನ ಸ್ಯಾಂಟ್ರಿ ಬಡಾವಣೆಯ ಸ್ಟೇಕ್ ಹೌಸನ್ನಾಗಿ ಬೆಳೆಸಿದ್ದರು. ವೈದ್ಯೆಯಾದ ಪತ್ನಿ ಚಿತ್ರಾ ಅವರೊಂದಿಗೆ ಮೈಸೂರಿನಿಂದ ಬಂದ ಶ್ರೀವತ್ಸರು, ಕೈಕಟ್ಟಿ ಕೂರಲಾರದೆ, ಅಲ್ಲಿ ಪಾತ್ರೆ ತೊಳೆಯಲು ಸೇರಿ, ಬರಬರುತ್ತ ಒಲೆಯ ಮುಂದೆ ನಿಂತರು. ಬೆರಳಿನಿಂದ ಒತ್ತಿ, ಕೊಬ್ಬು ಚಟಪಟ ಎನ್ನುವ ಸದ್ದು ಕೇಳಿ, ಬೆಂದದ್ದನ್ನು ತಿಳಿಯುತ್ತಿದ್ದರು. ಮಡಿವಂತ ನೆಂಟರು ಮೂಗು ಮುರಿದರೆ, ಇವರು ನಕ್ಕು, ಮನೆಗೆ ಹೋಗಿ, ಸ್ನಾನ ಮಾಡಿ ಸಾರನ್ನ ಉಣ್ಣುತ್ತಿದ್ದರು.

ಆ ಮನೆತನಕ್ಕೊಂದು ಪದ್ಧತಿಯುಂಟು: ದಿನದ ಮೊದಲ ತುಂಡನ್ನು ಒಲೆಯ ಮುಂದೆ ನಿಂತವರೇ ತಿಂದು ಒಪ್ಪಬೇಕು. ಇವರು ತಿನ್ನುವಂತಿಲ್ಲ. ಆದ್ದರಿಂದ ರೆನಾತೋ ಎದುರು ಕುಳಿತು ತಿಂದು, ಐರಿಷರ ರೂಢಿಯಂತೆ "ಗ್ರ್ಯಾಂಡ್", ಅಂದರೆ ಸೊಗಸಾಗಿದೆ, ಎಂದಮೇಲೆಯೇ ಬಾಗಿಲು ತೆರೆಯುವುದು.

ಹತ್ತು ವರ್ಷಗಳ ಹಿಂದೆ, ರೆನಾತೋ ಕಾಯಿಲೆಯಿಂದ ಚೇತರಿಸಿಕೊಂಡು ಬಂದ ಹೊಸತರಲ್ಲಿ, ಸಹಾಯಕ ಆಗಲೇ ಉಪ್ಪು ಸವರಿಟ್ಟಿದ್ದ ತುಂಡುಗಳಿಗೆ ಶ್ರೀವತ್ಸರು ಮತ್ತೊಮ್ಮೆ ಉಪ್ಪು ಸವರಿದರು. ನಾಲಿಗೆಗಿಟ್ಟು ನೋಡುವ ಬಾಣಸಿಗನಾದರೆ ಇಂಥ ತಪ್ಪು ಮಾಡಲಾರ. ರೆನಾತೋ ಮೊದಲ ತುಂಡನ್ನು ಪೂರ್ತಿ ತಿಂದು ಗ್ರ್ಯಾಂಡ್ ಎಂದರು. ಮೊದಲ ಗಿರಾಕಿ ಒಂದೇ ತುತ್ತಿಗೆ ತಟ್ಟೆ ಹಿಂದಿರುಗಿಸಿದ. ಯಜಮಾನರ ನಾಲಿಗೆಗೆ ರುಚಿಯೇ ಹೋಗಿದೆಯೆಂದು ಶ್ರೀವತ್ಸರಿಗೆ ಹೊಳೆಯಿತು. ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಜಾಗ ಮಾರೋಣವೆಂದು ರೆನಾತೋ ಅವರ ತಮ್ಮ ದುಂಬಾಲು ಬಿದ್ದಿದ್ದ ಕಾಲವದು. ಸುದ್ದಿ ಅವನ ಕಿವಿಗೆ ಬಿದ್ದರೆ ಮನೆತನದ ಒಲೆ ಆರಿದಂತೆಯೇ.

ತಪ್ಪು ತಮ್ಮದೆಂದು ಗಿರಾಕಿಯ ಕ್ಷಮೆ ಕೇಳಿದ ಶ್ರೀವತ್ಸರು, ಮರುದಿನ ಮೊದಲ ತುಂಡನ್ನು ಎರಡು ಮಾಡಿ, ಅರ್ಧವನ್ನು ರೆನಾತೋ ಅವರ ಮಗಳು ಲೂಚಿಯಾ ಮುಂದಿಟ್ಟರು.

"ಮಗಳೂ ಕಲೀಬೇಕಲ್ವಾ ಸಾರ್," ಎಂದಷ್ಟೇ ಹೇಳಿದರು.

ಅಂದಿನಿಂದ ಗ್ರ್ಯಾಂಡ್ ಎನ್ನುವವರು ತಂದೆ. ಶ್ರೀವತ್ಸರ ಕಣ್ಣು ಮಾತ್ರ ಮಗಳ ಮುಖದ ಮೇಲೆ. ಗುಟ್ಟನ್ನು ಚಿತ್ರಾ ಅವರಿಗೂ ಬಿಟ್ಟುಕೊಡಲಿಲ್ಲ. ಹಾಗೆ ಪಳಗಿದ ಲೂಚಿಯಾ ಇಂದು ಆ ಸ್ಟೇಕ್ ಹೌಸಿನ ಯಜಮಾನಿ.

ಕಳೆದ ತಿಂಗಳು ಶ್ರೀವತ್ಸರ ಬೀಳ್ಕೊಡುಗೆಯಂದು ಎಂಬತ್ತು ದಾಟಿದ ರೆನಾತೋ ಮೊದಲ ತುಂಡನ್ನು ಅಗಿದು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಇವತ್ತೂ ಉಪ್ಪು ಜಾಸ್ತಿ ಆಗಿದೆ, ಶ್ರೀವತ್ಸ."

ತನ್ನ ಅರ್ಧವನ್ನು ತಿಂದಿದ್ದ ಲೂಚಿಯಾ, ಎಲ್ಲ ಸರಿಯಾಗಿದೆಯಲ್ಲ ಎಂದು ಮಿಕಿಮಿಕಿ ನೋಡಿದಳು. ಶ್ರೀವತ್ಸರು ಏಪ್ರನ್ನಿನಿಂದ ಕಣ್ಣೊರೆಸಿಕೊಂಡರು. ಹತ್ತು ವರ್ಷಗಳ ಹಿಂದೆ ಹಿಂದಿರುಗಿದ ಆ ತಟ್ಟೆಯನ್ನೂ ಅದನ್ನು ಹಿಡಿದಿದ್ದ ಶ್ರೀವತ್ಸರ ಮುಖವನ್ನೂ ತಾವು ನೋಡಿದ್ದಾಗಿ, ತಮ್ಮ ಗುಟ್ಟನ್ನು ಇವರು ಕಾಯುತ್ತಿದ್ದುದು ಅಂದೇ ತಿಳಿದಿತ್ತೆಂದು ಆಮೇಲೆ ರೆನಾತೋ ಅವರೇ ಸಭೆಗೆ ಹೇಳಿದರು.

ಇನ್ನು ಶನಿವಾರಗಳಂದು ಹೊಸಬರಿಗೆ ಹದ ಕಲಿಸಲು ಒಪ್ಪಿರುವ ಶ್ರೀವತ್ಸರ ಬೆರಳಿಗೆ ಕಸುವಿರಲಿ, ಅವರು ನೂರ್ಕಾಲ ಬಾಳಲಿ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ಇವರು ಆ ಒಲೆಯ ಒಂದು ತುಂಡನ್ನೂ ಉಂಡವರಲ್ಲ.