ಸಿದ್ದಲಿಂಗವ್ವ ಕೊಡದ ಬನ್ನಿ

ಹೊಳಬಸಪ್ಪನ ಬಗ್ಗೆ ಒಳ್ಳೆಯ ಮಾತಾಡುವವರು ಬಾಗಲಕೋಟೆಯಲ್ಲಿ ಇದ್ದರೆ ಇರಲಿ, ನಾನಂತೂ ಅವರಲ್ಲಿ ಒಬ್ಬನಲ್ಲ. ನಾನು ಹೇಳಹೊರಟಿದ್ದು ಸಿದ್ದಲಿಂಗವ್ವನ ವಿಷಯ. ಆದರೆ ಆ ಮನುಷ್ಯ ಅವಳ ಬದುಕಿನಲ್ಲಿ ಬಂದ ಹಾಗೆ ಇಲ್ಲಿಯೂ ಅಡ್ಡ ಬರುತ್ತಾನೆ.

ನಮ್ಮ ನೂಲಿನ ಗಿರಣಿಗೆ ಕಂಪ್ಯೂಟರ್ ಬಂದದ್ದು ಎಂಬತ್ತೆಂಟರಲ್ಲಿ. ಒಂದು ದೊಡ್ಡ ಮಷೀನು, ಅದಕ್ಕೆ ತಂತಿ ಎಳೆದು ಕೂರಿಸಿದ, ಪರದೆ ಕೀಬೋರ್ಡು ಇರುವ ನಾಲ್ಕಾರು ಟರ್ಮಿನಲ್ಲುಗಳು. ಉಸ್ತುವಾರಿ ಹೊಳಬಸಪ್ಪನದು. ಸಿದ್ದಲಿಂಗವ್ವ ಇಳಕಲ್ಲಿನ ನೇಕಾರರ ಮಗಳು, ಟೈಪಿಂಗ್ ಪಾಸಾಗಿ ಹಂಗಾಮಿ ಕೆಲಸಕ್ಕೆ ಸೇರಿದ್ದಳು. ಸೇರಿದ ವಾರವೇ ಅವನು ಅವಳಿಗೆ ಚಹಾ ತರಲು ಹೇಳಿದ.

"ಚಾ ತರಾಕ ಬ್ಯಾರೆ ಮಂದಿ ಅದಾರ್ರಿ. ನಾ ಬಂದದ್ದು ಟೈಪ್ ಮಾಡಾಕ" ಅಂದಳು, ಎಲ್ಲರ ಎದುರಿಗೆ.

ಅಂದಿನಿಂದ ಇಬ್ಬರೂ ಹಾವು ಮುಂಗುಸಿ. ಅವಳೇನೂ ಬೆಣ್ಣೆಯಂಥ ಹೆಂಗಸಲ್ಲ. ಸ್ಟೋರು ನೋಡಿಕೊಳ್ಳುತ್ತಿದ್ದ ನನಗೂ ಎರಡು ಸಲ ಬೈದಿದ್ದಾಳೆ, ಎರಡೂ ಸಲ ತಪ್ಪು ಅವಳದೇ.

ಮಧ್ಯಾಹ್ನವಾದರೆ ಮಷೀನು ತೆವಳುತ್ತಿತ್ತು. ಒತ್ತಿದ ಅಕ್ಷರ ಪರದೆಗೆ ಬರುವಷ್ಟರಲ್ಲಿ ಎಲೆಅಡಿಕೆ ಹಾಕಿಕೊಳ್ಳಬಹುದಿತ್ತು. "ಆಕಿ ಕುಂತಾಗನ ಹಿಂಗಾಗತೈತ್ರಿ" ಎಂದು ಹೊಳಬಸಪ್ಪ ಮ್ಯಾನೇಜರ್ ಅಂದಪ್ಪನವರಿಗೆ ಚಾಡಿ ಹೇಳಿದ. ದಸರೆ ಕಳೆದ ಮೇಲೆ ಅವಳ ಕೆಲಸ ಕಾಯಂ ಆಗಬೇಕಿತ್ತು. ತಪ್ಪು ಅವಳದೆಂದು ತೋರಿಸಿಕೊಟ್ಟರೆ ಮನೆಗೆ ಕಳಿಸುತ್ತೇನೆ ಎಂದರು ಅಂದಪ್ಪನವರು.

ತೋರಿಸಿಕೊಡಲು ಹೊಳಬಸಪ್ಪ ಪುಣೆಯಿಂದ ಒಂದು ಟೇಪು ತರಿಸಿದ. ಅದರಲ್ಲಿದ್ದ ಪ್ರೋಗ್ರಾಮು ಮಷೀನಿನ ಶಕ್ತಿಯನ್ನು ಯಾರು ಎಷ್ಟು ತಿನ್ನುತ್ತಾರೆಂದು ಹೆಸರು ಸಮೇತ ಹೇಳುತ್ತದಂತೆ. ಆದರೆ ಬಂದದ್ದು ಬೇಯಿಸಿದ ರೊಟ್ಟಿಯಲ್ಲ, ಬರೀ ಹಿಟ್ಟು. ಬರೆದವರ ಮೂಲ ಸಾಲುಗಳನ್ನು ನಮ್ಮ ಮಷೀನಿನಲ್ಲೇ ಕಂಪೈಲ್ ಮಾಡಿ, ಅಂದರೆ ಅದಕ್ಕೆ ತಿಳಿಯುವ ಭಾಷೆಗೆ ತಿರುಗಿಸಿ, ಕೂರಿಸಬೇಕು. ಕಂಪೈಲಿಗೆ ಹಚ್ಚಿದರೆ ಪರದೆ ತುಂಬ ತಪ್ಪುಗಳನ್ನೇ ಕಾರಿತು. ಯಾವುದೋ ಫೈಲು ಸಿಗಲಿಲ್ಲ ಎಂದಿತು, ಅದನ್ನು ಹುಡುಕಿ ಕೊಟ್ಟರೆ ಇನ್ನೊಂದು ಬೇಡಿತು. ಹೊಳಬಸಪ್ಪ ಬೈದ, ಬೆವತ, ಸಾಲುಗಳನ್ನು ತಿದ್ದಿದ, ಮತ್ತೆ ಹಚ್ಚಿದ. ಕೊನೆಗೂ ಅದು ಕೂತಿತು. ಹಿಟ್ಟು ಕೈಯಲ್ಲಿದ್ದವನು ರೊಟ್ಟಿಯನ್ನು ತನಗೆ ಬೇಕಾದ ಹಾಗೆ ಬಡಿಯುತ್ತಾನೆ ಎಂಬುದು ಆಗ ನಮಗೆ ಯಾರಿಗೂ ಹೊಳೆಯಲಿಲ್ಲ.

ಮಧ್ಯಾಹ್ನ ಅಂದಪ್ಪನವರನ್ನು ಕರೆತಂದು ಪರದೆ ತೋರಿಸಿದ. ಎಲ್ಲರಿಗಿಂತ ಹೆಚ್ಚು ಟೈಪ್ ಮಾಡುವವಳು ಸಿದ್ದಲಿಂಗವ್ವ, ಪಟ್ಟಿಯಲ್ಲಿ ಮೊದಲು ಅವಳದೇ ಹೆಸರು.

"ನೋಡ್ರಿ, ಕಳ್ಳಿ ಸಿಕ್ಕಳು!"

"ಯಾರಿಗ ಕಳ್ಳಿ ಅಂತೀರಿ?" ಅವಳು ಎದ್ದು ನಿಂತಳು.

"ನಿನಗ. ಮಷೀನ ಕದಿಯೂ ಕಳ್ಳಿ."

ಕಚೇರಿಗೆ ಕಚೇರಿಯೇ ನಿಂತು ಕೇಳಿತು. ಅವಳು ಅಳಲಿಲ್ಲ. ನನಗೆ ಅವನ ಕಪಾಳಕ್ಕೆ ಬಾರಿಸಬೇಕು ಅನಿಸಿತು.

ಹಬ್ಬ ಮುಗಿದ ಮೇಲೆ ತೀರ್ಮಾನ ಹೇಳುತ್ತೇನೆ ಎಂದರು ಅಂದಪ್ಪನವರು. ಅಷ್ಟರಲ್ಲಿ ಖಂಡೇನವಮಿ ಬಂತು. ಆ ದಿನ ನಮ್ಮಲ್ಲಿ ಮಗ್ಗ, ನೇಗಿಲು, ತಕ್ಕಡಿ ಎಲ್ಲಕ್ಕೂ ಪೂಜೆ. ಪೂಜೆಗಿಟ್ಟ ಹತಾರವನ್ನು ಮರುದಿನ ಬನ್ನಿ ಮುಡಿಯುವ ತನಕ ಮುಟ್ಟುವಂತಿಲ್ಲ. ಕಂಪ್ಯೂಟರಿಗೂ ಅದೇ ನೇಮ. ಬಂದ್ ಮಾಡಿ ಪೂಜಿಸೋಣ ಎಂದರು ಅಂದಪ್ಪನವರು. "ಸತ್ತ ಮಷೀನಿಗೆ ಎಂಥಾ ಪೂಜಿರಿ? ಜೀವಂತ ಇರ್ಲಿ" ಅಂದ ಹೊಳಬಸಪ್ಪ. ತನ್ನ ಹೊಸ ಪ್ರೋಗ್ರಾಮು ಎಲ್ಲರಿಗೂ ಕಾಣಲೆಂದು ಪರದೆಯ ಮೇಲೆ ಹರಡಿ, ಕೀಬೋರ್ಡಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದ.

ಕಾಯಿ ಒಡೆದಾಯಿತು. ಕೈಮುಗಿದು ಕಣ್ಣು ತೆರೆದ ಅಂದಪ್ಪನವರು ಪರದೆ ನೋಡಿದರು. ಎಲ್ಲ ಹೆಸರುಗಳ ಮುಂದೆಯೂ ಸೊನ್ನೆ. ಮೇಲಿನ ಒಟ್ಟು ಲೆಕ್ಕದಲ್ಲಿ ಮಾತ್ರ ನೂರಕ್ಕೆ ತೊಂಬತ್ತಾರು.

"ಯಾರೂ ಕುಂತಿಲ್ಲ. ಮತ್ತ ಯಾರು ತಿನ್ನಾಕತ್ತಾರ ಇದನ್ನ?"

ಹೊಳಬಸಪ್ಪನ ಕೈ ಸರ್ರನೆ ಕೀಬೋರ್ಡಿಗೆ ಹೋಯಿತು.

"ಮುಟ್ಟಬ್ಯಾಡ್ರಿ!" ಅಂದಪ್ಪನವರು ಗದರಿದರು. "ಬನ್ನಿ ಮುಡಿಯೂತನಕ ಮುಟ್ಟಂಗಿಲ್ಲ."

ಸಿದ್ದಲಿಂಗವ್ವ ಪರದೆಯ ಹತ್ತಿರ ಬಂದು ಟರ್ಮಿನಲ್ಲಿಗೆ ಕೂರುವವರ ಹೆಸರುಗಳನ್ನು ಜೋರಾಗಿ ಓದತೊಡಗಿದಳು. "ನಂದೈತಿ. ನೀಲಪ್ಪಂದೈತಿ. ನಜೀರಸಾಬಂದೈತಿ. ಹೊಳಬಸಪ್ಪ ಸಾಹೇಬ್ರ, ನಿಮ್ಮ ಹೆಸರ ಎಲ್ಲೈತ್ರಿ?"

ಅಂದಪ್ಪನವರು ಬಾಗಿಲಿಗೆ ಅಡ್ಡ ನಿಂತು ಕೇಳಿದ ಮೇಲೆ ಹೊಳಬಸಪ್ಪ ಎಲ್ಲ ಕಕ್ಕಿದ. ಊರಿನ ದೊಡ್ಡ ಮನೆಗಳ ಗಂಡು ಹೆಣ್ಣುಗಳ ಕುಂಡಲಿ ಕೂಡಿಸುವ ತನ್ನ ಖಾಸಗಿ ಪ್ರೋಗ್ರಾಮನ್ನು ದಿನಾ ಮಧ್ಯಾಹ್ನ ಓಡಿಸುತ್ತಿದ್ದ. ಹಬ್ಬದ ದಿನ ಮಷೀನು ಖಾಲಿ ಎಂದು ಬೆಳಿಗ್ಗೆಯೇ ಹಚ್ಚಿದ್ದ. ಟೇಪಿನ ಮೂಲ ಸಾಲು ತಿದ್ದುವಾಗ ತನ್ನ ಹೆಸರೊಂದು ಪಟ್ಟಿಯಲ್ಲಿ ಕಾಣದಂತೆ ಮಾಡಿಕೊಂಡಿದ್ದ, ಒಟ್ಟು ಲೆಕ್ಕ ಮಾತ್ರ ಮರೆತಿದ್ದ.

ಸಿದ್ದಲಿಂಗವ್ವನ ಕೆಲಸ ಕಾಯಂ ಆಯಿತು. ಹೊಳಬಸಪ್ಪನಿಗೆ ಏನೂ ಆಗಲಿಲ್ಲ. ಕೂಡಿಬಂದ ಕುಂಡಲಿಗಳಲ್ಲಿ ಅಂದಪ್ಪನವರ ಮಗಳದೂ ಒಂದಿತ್ತಂತೆ, ಥೂ!

ನಮ್ಮ ಕಡೆ ಬನ್ನಿ ಎಲೆ ಕೊಟ್ಟು "ಬಂಗಾರದಂಗ ಇರೋಣು" ಅಂದರೆ ಹಗೆಯಾದವನೂ ಕೈಯೊಡ್ಡುತ್ತಾನೆ. ಹಬ್ಬ ಮುಗಿದು ಕಚೇರಿ ತೆರೆದ ದಿನ, ಯಾರೂ ಬರುವ ಮೊದಲೇ ಹೊಳಬಸಪ್ಪ ಅವಳ ಕೀಬೋರ್ಡಿನ ಮೇಲೆ ಬನ್ನಿ ಇಟ್ಟು ತನ್ನ ಕುರ್ಚಿಯಲ್ಲಿ ಹೋಗಿ ಕೂತಿದ್ದ. ಅವಳು ಎಲ್ಲರೂ ಬರುವ ತನಕ ಕಾದು, ಆ ಎಲೆಯನ್ನು ತಂದು ಅವನ ಮುಂದಿಟ್ಟಳು.

"ಸಾಹೇಬ್ರ, ಕಳ್ಳಿ ಅಂದದ್ದು ಎಲ್ಲಾರ ಮುಂದ. ಬನ್ನಿ ಮಾತ್ರ ಕದ್ದು ಇಡ್ತೀರೇನ್ರಿ? ಈಗ ಕೈಯಾಗ ಕೊಡ್ರಿ, ತಗೋತೇನಿ."

ಅವನು ಎಲೆಯನ್ನು ಮೇಜಿನ ಅಂಚಿಗೆ ಸರಿಸಿ ಕೀಬೋರ್ಡು ಒತ್ತತೊಡಗಿದ. ಎಲೆ ಅಲ್ಲೇ ಒಣಗಿತು.

ಮುಂದಿನ ದಸರೆಗೆ ಸಿದ್ದಲಿಂಗವ್ವ ಒಂದು ಚೀಲ ಬನ್ನಿ ತಂದು ಮೇಜಿನಿಂದ ಮೇಜಿಗೆ ಹೋಗಿ ಎಲ್ಲರಿಗೂ ಕೊಟ್ಟಳು, ಕಾವಲುಗಾರ ಚಾಂದಸಾಬನಿಗೂ. ಹೊಳಬಸಪ್ಪ ಆಗಲೇ ಕೈಯೊಡ್ಡಿಕೊಂಡು ಕೂತಿದ್ದ. ಅವನ ಹೆಸರೇ ಪಟ್ಟಿಯಲ್ಲಿ ಇಲ್ಲದ ಹಾಗೆ ಅವಳು ಆ ಮೇಜು ದಾಟಿ ಹೋದಳು.