ಹಲ್ಲಕ್ಕನ ಎರಡನೆಯ ವಿದ್ಯೆ

ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಟ್ಟುಹಲ್ಲು ತಯಾರಿಸುತ್ತಿದ್ದ ಆಕೆಯನ್ನು ಎಲ್ಲರೂ ಹಲ್ಲಕ್ಕ ಅಂತಲೇ ಕರೆಯುತ್ತಿದ್ದರು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಅದು ಬೇರೆ ಮಾತು.

ಮುಂದಿನ ಕೋಣೆಯಿಂದ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಇವಳು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತಿದ್ದಳು. ರೋಗಿ ಕನ್ನಡಿ ನೋಡಿಕೊಂಡು ಡಾಕ್ಟರನ್ನು ಹೊಗಳುತ್ತಿದ್ದ. ಅದರ ಬಗ್ಗೆ ಅವಳಿಗೆ ಬೇಸರವೇನಿರಲಿಲ್ಲ. ಹಲ್ಲಿದ್ದಾಗ ಉಜ್ಜದೆ, ಬಿದ್ದ ಮೇಲೆ ಗೋಳಾಡುವ ಜನರ ಹೊಗಳಿಕೆಗೆ ಅವಳ ಹತ್ತಿರ ಕವಡೆ ಕಿಮ್ಮತ್ತೂ ಇರಲಿಲ್ಲ. ಡಾಕ್ಟರ ಬಗ್ಗೆಯೂ ಅಷ್ಟೆ. ಅಚ್ಚು ಆರುವ ಮುಂಚೆಯೇ ಬಾಯಿಂದ ಕಿತ್ತುಬಿಡುವ ಮನುಷ್ಯ ಅವರು. ವಾರಕ್ಕೆ ಎರಡು ಅಚ್ಚನ್ನಾದರೂ ಇವಳು ಕಸದ ಬುಟ್ಟಿಗೆ ಹಾಕಿ, 'ಇನ್ನೊಂದು ಸಲ' ಅಂತ ಚೀಟಿ ಬರೆದು ಕಳಿಸುತ್ತಿದ್ದಳು.

ಇಂಥವಳು ಆಟಕ್ಕೆ ಸೇರಿದ್ದು ಅಕ್ಕನ ಮಗಳ ಕಾಟಕ್ಕೆ. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಆ ಹುಡುಗಿ, ಅವಳ ಗಂಡ, ಇನ್ನಿಬ್ಬರು ಒಂದು ಶಾಲೆಯ ನಕ್ಷೆ ಕೋಣೆಯಲ್ಲಿ ಸೇರುತ್ತಿದ್ದರು. ಮೇಜಿನ ಸುತ್ತ ಕೂತು ಆಡುವ ಕಲ್ಪನೆಯ ಆಟ ಅದು. ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಒಬ್ಬ ನೈಟ್, ಅಂದರೆ ಕವಚ ತೊಟ್ಟ ಯೋಧ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ. ಪಾತ್ರದ ಬಲಾಬಲವೆಲ್ಲ ಒಂದು ಹಾಳೆಯಲ್ಲಿ. ಕತ್ತಿ ಬೀಸಿದರೆ ತಾಗಿತೋ ಇಲ್ಲವೋ ದಾಳ ಹೇಳಬೇಕು. ಕಥೆ ನಡೆಸುವವರು ಆ ಶಾಲೆಯ ಭೂಗೋಳದ ಮೇಷ್ಟ್ರು. ಆಡುವವರಲ್ಲಿ ಒಬ್ಬರು ಊರು ಬಿಟ್ಟು ಹೋಗಿದ್ದರಿಂದ ಒಂದು ಕುರ್ಚಿ ಖಾಲಿಯಾಗಿತ್ತು.

"ಒಂದೇ ಒಂದು ಭಾನುವಾರ ಬಾ ಚಿಕ್ಕಮ್ಮ. ಇಷ್ಟ ಆಗದಿದ್ರೆ ಮತ್ತೆ ಕರೆಯಲ್ಲ," ಅಂದಳು ಹುಡುಗಿ.

ದೊಡ್ಡವರು ಕೂತು ರಾಕ್ಷಸರನ್ನು ಕೊಲ್ಲುವುದು ಎಷ್ಟು ಪೆದ್ದುತನವೆಂದು ಕಣ್ಣಾರೆ ನೋಡಿ ಬರೋಣ ಎಂದು ಹಲ್ಲಕ್ಕ ಹೋದಳು. ಪೆದ್ದುತನವೇ ಆಗಿತ್ತು. ಬಸ್ಸಿನಲ್ಲಿ ಟಿಕೆಟ್ ಚೆಕ್ ಮಾಡುವ ಇನ್‌ಸ್ಪೆಕ್ಟರು ಅಲ್ಲಿ ನೈಟ್ ಆಗಿದ್ದರು. ವಾರವಿಡೀ ಟಿಕೆಟ್ಟಿಲ್ಲದವರನ್ನು ಕತ್ತು ಹಿಡಿದು ಇಳಿಸುವ ಆಸಾಮಿ ಭಾನುವಾರ ಮಾತ್ರ ಕೈಗೆ ಸಿಕ್ಕ ದರೋಡೆಕೋರರನ್ನೆಲ್ಲ ಕ್ಷಮಿಸಿ ಕಳಿಸುತ್ತಿದ್ದರು. ಅಕ್ಕನ ಮಗಳು ಕಳ್ಳಿ. ಅವಳ ಕಳ್ಳತನ ಪ್ರತಿಸಲವೂ ಸಿಕ್ಕಿಬೀಳುತ್ತಿತ್ತು. ಅವಳ ಗಂಡ ಕೊಡಲಿ ವೀರ. ಹೊರಗೆ ವಿಮೆ ಏಜೆಂಟು. ಇವನೊಬ್ಬನನ್ನು ನೋಡಿದರೆ ಹಲ್ಲಕ್ಕನಿಗೆ ಮೈ ಉರಿಯುತ್ತಿತ್ತು. ಎಲ್ಲರ ಹಾಳೆಯೂ ಅವನಿಗೇ ಗೊತ್ತು, ಎಲ್ಲರ ದಾಳವನ್ನೂ ಅವನೇ ಕೂಡಿಸಿ ಹೇಳಬೇಕು, ಎಲ್ಲರಿಗೂ ಅವನೇ ಬುದ್ಧಿ ಹೇಳಬೇಕು.

"ನಿಮಗೇನಾಗಬೇಕು, ಹೇಳಿ ಮೇಡಂ," ಅಂತ ಮೇಷ್ಟ್ರು ನಿಯಮದ ಪುಸ್ತಕ ಮುಂದೆ ತಳ್ಳಿದ್ದರು.

ಅವಳು ಅರ್ಧ ಗಂಟೆ ಓದಿದಳು. ಒಬ್ಬನಿಗೆ ಶಕ್ತಿ ದೇವರು ಕೊಟ್ಟಿದ್ದು, ಒಬ್ಬನಿಗೆ ಹುಟ್ಟಿನಿಂದ ಬಂದಿದ್ದು. ವಾರ್ಲಾಕ್ ಅನ್ನುವವನು ಮಾತ್ರ ಯಾವುದೋ ಅಗೋಚರ ಶಕ್ತಿಯ ಜೊತೆ ಒಪ್ಪಂದ ಮಾಡಿಕೊಂಡು, ರುಜು ಹಾಕಿ ವಿದ್ಯೆ ಪಡೆದವನು. "ಇವನೊಬ್ಬ ಸುಳ್ಳು ಹೇಳ್ತಿಲ್ಲ. ಇವನೇ ಇರಲಿ," ಅಂದಳು. ಒಪ್ಪಂದ ಯಾರ ಜೊತೆ ಎಂದು ಮೇಷ್ಟ್ರು ಕೇಳಿದರು. ಕೆರೆಯ ತಳದಲ್ಲಿರುವ ಬಾಯಿಲ್ಲದ ಒಂದು ಪ್ರಾಣಿಯ ಜೊತೆ, ಅಂದಳು. ಬಾಯಿಗಳನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು.

ಒಂದು ಭಾನುವಾರಕ್ಕೆಂದು ಹೋದವಳು ಹದಿನಾಲ್ಕು ತಿಂಗಳು ಹೋದಳು. ಕೇಳಿದರೆ, ಆ ಹೊತ್ತಿಗೆ ಮನೆಯಲ್ಲಿ ಬಿಸಿಲು ಹೊಡೆಯುತ್ತದೆ, ನಕ್ಷೆ ಕೋಣೆ ತಂಪಾಗಿದೆ ಎನ್ನುತ್ತಿದ್ದಳು.

ವಾರ್ಲಾಕ್ ನಾಲ್ಕನೆಯ ಲೆವೆಲ್ ಮುಗಿಸಿ ಐದಕ್ಕೆ ಬಂದಾಗ ಗಲಾಟೆ ಶುರುವಾಯಿತು. ಆ ಆಟದಲ್ಲಿ ಒಂದೊಂದು ಲೆವೆಲ್ ಏರಿದಾಗಲೂ ಪಾತ್ರಕ್ಕೆ ಹೊಸ ಶಕ್ತಿ ಸಿಗುತ್ತದೆ; ಬೇಕೆಂದರೆ ಹಿಡಿದ ವಿದ್ಯೆಯನ್ನೇ ಮುಂದುವರಿಸಬಹುದು. ಇಲ್ಲವಾದರೆ ಆ ಲೆವೆಲನ್ನು ಬೇರೊಂದು ವಿದ್ಯೆಗೆ ಕೊಡಬಹುದು. ಅದಕ್ಕೆ ಮಲ್ಟಿಕ್ಲಾಸ್ ಎಂದು ಹೆಸರು. ಹಲ್ಲಕ್ಕ ಬಾಯಿ ತಪ್ಪಿ, "ಇನ್ನೊಂದು ವಿದ್ಯೆ ಕಲಿತರೆ ಹೇಗೆ?" ಎಂದುಬಿಟ್ಟಳು. ಅಷ್ಟೇ ಸಾಕಾಯಿತು.

"ಹಾಡುಗಾರ್ತಿ ಆಗು ಚಿಕ್ಕಮ್ಮ. ಹಾಡಿ ಎಲ್ಲರಿಗೂ ಹುರುಪು ತುಂಬಬಹುದು," ಅಂದಳು ಅಕ್ಕನ ಮಗಳು.

"ನಾನು? ಹುರುಪು?" ಎಂದಳು ಹಲ್ಲಕ್ಕ. ಆ ಮಾತು ಅಲ್ಲಿಗೇ ಸತ್ತಿತು.

ಇನ್‌ಸ್ಪೆಕ್ಟರು ಗಂಟಲು ಸರಿ ಮಾಡಿಕೊಂಡು, "ವೈದ್ಯೆ ಆದರೆ ಗಾಯ ವಾಸಿ ಮಾಡಬಹುದು ಮೇಡಂ," ಅಂದರು. ಪ್ರತಿ ಜಗಳದಲ್ಲೂ ಮುಂದೆ ನುಗ್ಗಿ ಏಟು ತಿನ್ನುವವರು ಅವರೇ. ತನ್ನ ಗಾಯಕ್ಕೆ ಮುಲಾಮು ಹಚ್ಚುವ ಆಳು ಬೇಕು ಇವರಿಗೆ, ಎಂದುಕೊಂಡು ಹಲ್ಲಕ್ಕ ಮುಖ ಆಚೆ ತಿರುಗಿಸಿದಳು.

ಏಜೆಂಟು ಅಂದು ಎಲ್ಲ ಕೇಳಿಸಿಕೊಂಡು ಹೋದ. ಮುಂದಿನ ಭಾನುವಾರ ಅಚ್ಚುಕಟ್ಟಾಗಿ ಟೈಪು ಮಾಡಿಸಿದ ಮೂರು ಹಾಳೆ ತಂದು, ಪಾಲಿಸಿ ಕಾಗದ ತೋರಿಸುವ ಹಾಗೆ ಅವಳ ಕಡೆ ತಿರುಗಿಸಿಟ್ಟ.

"ನೋಡಿ ಚಿಕ್ಕಮ್ಮ, ಕಣ್ಣು ಮುಚ್ಚಿ ಎರಡು ಲೆವೆಲ್ ನೈಟ್ ತಗೊಳ್ಳಿ. ಭಾರಿ ಕವಚ ಸಿಗತ್ತೆ, ಗುರಾಣಿ ಸಿಗತ್ತೆ. ಆಮೇಲೆ ವಾಪಸು ವಾರ್ಲಾಕ್‌ಗೆ ಬನ್ನಿ. ನಿಮ್ಮನ್ನ ಹಿಡಿಯೋರೇ ಇರಲ್ಲ. ಎಲ್ಲ ಲೆಕ್ಕ ಹಾಕಿದ್ದೀನಿ."

"ನನ್ನ ಹಾಳೆ ನೋಡಿದ್ದೀರಾ ಅಳಿಯಂದಿರೇ?"

"ನೋಡೋದೇನಿದೆ? ಎಲ್ಲ ವಾರ್ಲಾಕ್‌ಗೂ ಇದೇ ಬೆಸ್ಟು."

ಹಲ್ಲಕ್ಕ ಚೀಲದಿಂದ ನಿಯಮದ ಪುಸ್ತಕ ತೆಗೆದಳು. ಆ ವಾರವೆಲ್ಲ ಕ್ಲಿನಿಕ್ಕಿನಲ್ಲಿ ಪ್ಲಾಸ್ಟರ್ ಆರುವ ತನಕ ಅವಳು ಅದನ್ನೇ ಓದಿದ್ದಳು; ಒಂದೆರಡು ಪುಟಕ್ಕೆ ಗುಲಾಬಿ ಮೇಣವೂ ಮೆತ್ತಿತ್ತು. ಬೆರಳಿಟ್ಟು ಒಂದು ಸಾಲು ತೋರಿಸಿದಳು. ಎರಡನೆಯ ವಿದ್ಯೆಯಾಗಿ ನೈಟ್ ಆಗಬೇಕಾದರೆ ಮೈಬಲ ಕನಿಷ್ಠ ಹದಿಮೂರು ಇರಬೇಕು. ಆಮೇಲೆ ತನ್ನ ಹಾಳೆ ತೋರಿಸಿದಳು. ಅಲ್ಲಿ ಮೈಬಲ ಎಂಟು.

"ಬಾಯಿ ನೋಡದೆ ಹಲ್ಲು ಜೋಡಿಸೋ ಕೆಲಸ ಇದು. ನಾಳೆ ಯಾರದೋ ಗಂಟಲಿಗೆ ಚುಚ್ಚತ್ತೆ," ಅಂದಳು.

ಮೇಷ್ಟ್ರು ನಗು ತಡೆಯಲಾರದೆ ಎದ್ದು ಹೋಗಿ ಗೋಡೆಯ ನಕ್ಷೆಯ ಧೂಳು ಒರೆಸಿದರು. ಏಜೆಂಟನ ಕಿವಿ ಕೆಂಪಾಯಿತು. ಅವತ್ತಿನ ಮಟ್ಟಿಗೆ ಹಲ್ಲಕ್ಕನಿಗೆ ಅದಕ್ಕಿಂತ ದೊಡ್ಡ ಸುಖ ಬೇಕಿರಲಿಲ್ಲ.

ಆದರೆ ಏಜೆಂಟು ಸುಮ್ಮನಾಗುವ ಪೈಕಿಯಲ್ಲ. ಮೂರು ಹಾಳೆಯನ್ನೂ ಮಡಚಿಟ್ಟು, ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಹೇಳಿದ. "ಹೋಗಲಿ, ಏನಾದ್ರೂ ಆಗಿ. ಆದರೆ ಈ ಐದನೇದನ್ನ ಮಾತ್ರ ವಾರ್ಲಾಕ್‌ಗೇ ಕೊಡಿ. ಐದರಲ್ಲಿ ದೊಡ್ಡ ಮಂತ್ರ ಸಿಗತ್ತೆ, ಹಾರೋದು ಸಿಗತ್ತೆ. ಅದಾದ ಮೇಲೆ ನಿಮ್ಮಿಷ್ಟ."

ಆ ಮಾತು ಸರಿಯಿತ್ತು. ಹಲ್ಲಕ್ಕನಿಗೂ ಅದು ಗೊತ್ತಿತ್ತು. ಆ ಪುಟವನ್ನು ಅವಳು ಎರಡು ಸಲ ಓದಿದ್ದಳು, ಅದನ್ನೇ ಮಾಡುವುದೆಂದು ಹೆಚ್ಚುಕಮ್ಮಿ ತೀರ್ಮಾನಿಸಿಯೂ ಇದ್ದಳು. ಆದರೆ ಈಗ ಅದು ಅವನ ಬಾಯಿಂದ ಬಂದಿತ್ತು. ಅವನು ಉಗುಳಿದ್ದನ್ನು ತಾನು ಎತ್ತಿಕೊಳ್ಳುವುದೇ? ಪೆನ್ನು ತೆಗೆದು, ಎಲ್ಲರೂ ನೋಡುತ್ತಿದ್ದ ಹಾಗೆ, 'ವಾರ್ಲಾಕ್ ನಾಲ್ಕು, ಪಂಡಿತ ಒಂದು' ಎಂದು ಬರೆದಳು. ಪಂಡಿತ ಅಂದರೆ ಗ್ರಂಥ ಓದಿ ಮಂತ್ರ ಕಲಿಯುವವನು. ಅಲ್ಲಿದ್ದ ನಾಲ್ವರಲ್ಲಿ ಒಬ್ಬರೂ ಅದನ್ನು ಸೂಚಿಸಿರಲಿಲ್ಲ. ಅವಳು ಅದನ್ನು ಆರಿಸಿದ್ದೇ ಅದಕ್ಕೆ.

"ಪೆನ್ಸಿಲಲ್ಲಿ ಬರೆಯೋದು ವಾಡಿಕೆ," ಅಂದರು ಮೇಷ್ಟ್ರು.

"ನಾನು ಅಳಿಸಲ್ಲ," ಅಂದಳು.

ಮೂರು ವಾರ ಕಳೆದ ಮೇಲೆ ಕಥೆ ಎಲ್ಲರನ್ನೂ ಒಂದು ಪಾಳುಕೋಟೆಯ ನೆಲಮಾಳಿಗೆಗೆ ತಂದಿತು. ಕೆಳಗೆ ದೊಡ್ಡ ನೀರಿನ ತೊಟ್ಟಿ, ಮಧ್ಯದಲ್ಲಿ ಕಲ್ಲಿನ ದಿಬ್ಬ, ಆ ದಿಬ್ಬದ ಮೇಲೆ ಬಾಗಿಲೆತ್ತುವ ಸರಪಳಿ. ನೀರು ಏರುತ್ತಿತ್ತು. ಯಾರಾದರೂ ಸರಪಳಿ ಜಗ್ಗಿ ಹಿಡಿದರೆ ಮಾತ್ರ ಉಳಿದವರು ಬಾಗಿಲು ದಾಟಬಹುದು. ಇನ್‌ಸ್ಪೆಕ್ಟರ ನೈಟ್ ಎಂದಿನ ಹಾಗೆ ಮೊದಲು ನುಗ್ಗಿ ಸರಪಳಿ ಹಿಡಿದ. ಎಲ್ಲರೂ ದಾಟಿದರು. ಅಷ್ಟರಲ್ಲಿ ನೀರು ನೈಟ್‌ನ ಎದೆಗೆ ಬಂದಿತ್ತು. ಮೈಮೇಲೆ ಕಬ್ಬಿಣದ ಕವಚ. ಈಜುವ ಮಾತೇ ಇಲ್ಲ.

"ಯಾರಿಗಾದರೂ ಹಾರೋ ಮಂತ್ರ ಇದೆಯಾ?" ಎಂದು ಮೇಷ್ಟ್ರು ಕೇಳಿದರು. ಮೆಲ್ಲಗೇ ಕೇಳಿದರು, ಪಾಪ. ಯಾರ ಮುಖವನ್ನೂ ನೋಡಲಿಲ್ಲ.

ಹಲ್ಲಕ್ಕ ತನ್ನ ಹಾಳೆಯನ್ನು ಮೇಲಿನಿಂದ ಕೆಳಗಿನ ತನಕ ಓದಿದಳು. ಪಂಡಿತನಿಂದ ಬಂದ ಮಂತ್ರಗಳಿದ್ದವು. ಗೊತ್ತಿಲ್ಲದ ಲಿಪಿ ಓದುವುದು. ವಸ್ತುವಿನ ಗುಣ ಪತ್ತೆ ಹಚ್ಚುವುದು. ಹಗ್ಗವೊಂದನ್ನು ಎಸೆದಳು, ಇಪ್ಪತ್ತು ಮುಖದ ದಾಳ ನಾಲ್ಕು ಬಿತ್ತು, ಹಗ್ಗ ತಲುಪಲಿಲ್ಲ. ಅಕ್ಕನ ಮಗಳು ಎಸೆದಳು, ಅವಳದು ಎರಡು. ಏಜೆಂಟು ತುಟಿ ಬಿಗಿದು ಕೂತಿದ್ದ. ಒಂದೇ ಒಂದು ಮಾತು ಆಡಲಿಲ್ಲ. ಆಡಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ನೈಟ್ ಮುಳುಗಿದ. ಆರು ವರ್ಷದ ಪಾತ್ರ ಅದು. ಇನ್‌ಸ್ಪೆಕ್ಟರು ಹಾಳೆಯನ್ನು ನಾಲ್ಕು ಮಡಿಕೆ ಮಡಚಿ, ಷರ್ಟಿನ ಜೇಬಿನಲ್ಲಿದ್ದ ಕೆಂಪು ಪೆನ್ನಿನ ಪಕ್ಕ ಇಟ್ಟುಕೊಂಡರು. "ಪರವಾಗಿಲ್ಲ, ಪರವಾಗಿಲ್ಲ," ಎಂದು ಯಾರೂ ಕೇಳದಿದ್ದರೂ ಎರಡು ಸಲ ಹೇಳಿ, ಎಲ್ಲರಿಗಿಂತ ಮುಂಚೆ ಮೆಟ್ಟಿಲಿಳಿದು ಹೋದರು.

ಐವತ್ತು ದಾಟಿದ ಗಂಡಸು ಒಂದು ಹಾಳೆಗಾಗಿ ಮುಖ ಸಣ್ಣ ಮಾಡುವುದೇ, ಎಂದು ದಾರಿಯುದ್ದಕ್ಕೂ ಹಲ್ಲಕ್ಕ ಮನಸ್ಸಿನಲ್ಲೇ ಹೀಯಾಳಿಸಿದಳು. ಮನೆಗೆ ಬಂದ ಮೇಲೂ ಹೀಯಾಳಿಸಿದಳು. ಸೋಮವಾರ ಒಬ್ಬ ಮುದುಕಿಯ ಮೇಲ್ಸಾಲು ಕೂರಿಸುವಾಗ ಕೋರೆಹಲ್ಲು ಎಡಬಲ ಅದಲುಬದಲಾಯಿತು. ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಆಗಿರಲಿಲ್ಲ. ಯಾರೂ ನೋಡುವ ಮುಂಚೆ ಮೇಣ ಕರಗಿಸಿ ಮತ್ತೆ ಕೂರಿಸಿದಳು, ಆದರೆ ತಾನು ನೋಡಿದ್ದನ್ನು ಕರಗಿಸುವುದು ಹೇಗೆ?

ಗುರುವಾರ ಕೆಲಸ ಮುಗಿಸಿ ಅವಳು ಹೋಗುತ್ತಿದ್ದ ಬಸ್ಸಿಗೆ ಇನ್‌ಸ್ಪೆಕ್ಟರು ಹತ್ತಿದರು. ಖಾಕಿ ಕೋಟು, ಕೈಯಲ್ಲಿ ಪಂಚು. ಸೀಟು ಸೀಟಿಗೂ ಟಿಕೆಟ್ ನೋಡುತ್ತ ಇವಳ ಹತ್ತಿರ ಬಂದರು. ಇವಳು ಟಿಕೆಟ್ ಕೊಟ್ಟಳು. ಗುರುತೇ ಇಲ್ಲದವರಂತೆ ಅದನ್ನು ತಿರುಗಿಸಿ ನೋಡಿ, ತೂತು ಹಾಕಿ ಕೊಟ್ಟರು.

"ಆವತ್ತಿಂದು..." ಎಂದು ಹಲ್ಲಕ್ಕ ಶುರು ಮಾಡಿದಳು.

"ಡ್ಯೂಟಿ ಮೇಲಿದ್ದೀನಿ ಮೇಡಂ," ಎಂದು ಅವರು ಹಿಂದಿನ ಸೀಟಿಗೆ ಹೋದರು.

ಇವಳು ಇಳಿಯಬೇಕಾದ ಜಾಗ ಇನ್ನೂ ಮೂರು ನಿಲ್ದಾಣ ದೂರವಿತ್ತು. ಅವರು ಇಳಿದ ಕಡೆಯೇ ಇವಳೂ ಇಳಿದಳು. ಯಾಕೆ ಇಳಿದೆನೆಂದು ತನ್ನನ್ನೇ ಬೈದುಕೊಂಡಳು, ಆದರೆ ಇಳಿದಾಗಿತ್ತು. ತಂಗುದಾಣದ ಬೆಂಚಿನ ಮೇಲೆ ಅವರು ಮುಂದಿನ ಬಸ್ಸಿಗೆ ಕಾಯುತ್ತ, ಕೈಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದರು.

"ಡ್ಯೂಟಿ ಮುಗೀತಾ?"

"ಬಸ್ ಬರೋ ತನಕ ಡ್ಯೂಟಿ ಇಲ್ಲ ಅಂತಿಟ್ಟುಕೊಳ್ಳಿ."

"ತಪ್ಪು ನಂದು," ಅಂದಳು ಹಲ್ಲಕ್ಕ. "ಐದನೇದನ್ನ ವಾರ್ಲಾಕ್‌ಗೆ ಕೊಟ್ಟಿದ್ರೆ ನಿಮ್ಮನ್ನ ಎತ್ತಿಕೊಂಡು ಬರಬಹುದಿತ್ತು. ನಂಗೆ ಮುಂಚೇನೇ ಗೊತ್ತಿತ್ತು. ಆ ಮನುಷ್ಯ ಹೇಳ್ದ ಅನ್ನೋ ಒಂದೇ ಕಾರಣಕ್ಕೆ ಬಿಟ್ಟೆ."

ಛೇ ಛೇ, ಹಾಗೇನಿಲ್ಲ ಎನ್ನುತ್ತಾರೆಂದು ಅವಳು ಕಾದಳು. ಅವರು ಕೈಪುಸ್ತಕ ಮುಚ್ಚಿದರು.

"ತಪ್ಪು ನಿಮ್ಮದೇ ಮೇಡಂ. ನೀವು ಪೆನ್ನು ತೆಗೆದಾಗಲೇ ನಂಗೆ ಗೊತ್ತಾಯ್ತು. ಆರು ವರ್ಷ ಸಾಕಿದ್ದೆ ಅವನನ್ನ. ಮನೇಲಿ ಊಟಾನೂ ಸೇರಲಿಲ್ಲ ಎರಡು ದಿನ."

ಹಲ್ಲಕ್ಕ ಅವರ ಮುಖವನ್ನೇ ನೋಡಿದಳು. ಈ ಮನುಷ್ಯನನ್ನು ತಾನು ಹದಿನಾಲ್ಕು ತಿಂಗಳಿನಿಂದ ಮೆತ್ತನೆಯ ಹಿಟ್ಟಿನ ಮುದ್ದೆ ಎಂದುಕೊಂಡಿದ್ದಳು.

"ಒಂದು ಮಾತು," ಎಂದರು ಅವರು, ದೂರದಲ್ಲಿ ಕಂಡ ಬಸ್ಸಿನ ಕಡೆ ನೋಡುತ್ತ. "ಈ ತಪ್ಪೊಪ್ಪಿಗೆ ಏಜೆಂಟರ ಮುಂದೆ ಮಾಡಬೇಡಿ. ಜನ್ಮದಲ್ಲಿ ನಮ್ಮನ್ನ ಬದುಕೋಕೆ ಬಿಡಲ್ಲ. ನಮ್ಮೆದುರು ಮನೆಯವರಿಗೆ ಒಂದು ಪಾಲಿಸಿ ಮಾಡಿಸಿಕೊಟ್ಟು ನಾಲ್ಕು ವರ್ಷ ಆಯ್ತು, ಈಗಲೂ ಸಿಕ್ಕಾಗಲೆಲ್ಲ ಬುದ್ಧಿ ಹೇಳ್ತಾರೆ. ಆ ಮನೆಯವರು ಬಾಗಿಲು ತೆಗೆಯೋದೇ ಬಿಟ್ಟಿದ್ದಾರೆ."

ಹಲ್ಲಕ್ಕನಿಗೆ ನಗು ಬಂತು. ಮೂಗಿನಲ್ಲಿ ಬರುವ ಒಣ ನಗುವಲ್ಲ. ಕೆಮ್ಮು ಬರುವಷ್ಟು ನಗು. ಬೆಂಚಿನ ಇನ್ನೊಂದು ತುದಿಯಲ್ಲಿದ್ದವರು ತಿರುಗಿ ನೋಡಿದರು. ಇನ್‌ಸ್ಪೆಕ್ಟರು ಮುಖ ಬಿಗಿದುಕೊಂಡೇ ಬಸ್ಸು ಹತ್ತಿದರು. ಹಲ್ಲಕ್ಕ ಮೂರು ನಿಲ್ದಾಣದ ದೂರವನ್ನು ನಡೆದೇ ಹೋದಳು.

ಭಾನುವಾರ ಇನ್‌ಸ್ಪೆಕ್ಟರು ಹೊಸ ಪಾತ್ರದ ಜೊತೆ ಬಂದರು. ಈ ಸಲದ್ದು ಯಾರನ್ನೂ ಕ್ಷಮಿಸದ ಬೇಟೆಗಾರ. ಏಜೆಂಟು ಅದಕ್ಕೂ ಹಾಳೆ ಟೈಪು ಮಾಡಿಸಿ ತಂದಿದ್ದ. ಇನ್‌ಸ್ಪೆಕ್ಟರು ಅದನ್ನು ಬಲು ಮರ್ಯಾದೆಯಿಂದ ತೆಗೆದುಕೊಂಡು, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಮಡಚಿಟ್ಟರು.

ತೊಟ್ಟಿಯಿಂದ ಪಾರಾಗಿ ಬಂದವರಿಗೆಲ್ಲ ಒಂದೊಂದು ಲೆವೆಲ್ ಏರಿತ್ತು. "ಬೇಕಾದರೆ ಹಳೇದನ್ನ ತಿದ್ದಿಕೊಳ್ಳಿ ಮೇಡಂ, ನಾನು ನೋಡಲ್ಲ," ಅಂದರು ಮೇಷ್ಟ್ರು. ಹಲ್ಲಕ್ಕ ಬೇಡವೆಂದು ತಲೆಯಾಡಿಸಿದಳು. ಬರೆದ ಪಂಡಿತ ಅಲ್ಲೇ ಇರಲಿ. ಪಕ್ಕದಲ್ಲಿ ನಾಲ್ಕನ್ನು ಹೊಡೆದು, ಐದು ಎಂದು ಬರೆದಳು. ವಾರ್ಲಾಕ್ ಐದು.

"ನಾನು ಹೇಳಿದ್ದೇ ಅದು ಚಿಕ್ಕಮ್ಮ," ಎಂದು ಏಜೆಂಟು ಅಗಲವಾಗಿ ನಕ್ಕ.

ಹೌದು ಅಳಿಯಂದಿರೇ, ನೀವು ಹೇಳಿದ್ದೇ, ಎಂದಳು ಹಲ್ಲಕ್ಕ. ಹೇಳುತ್ತ ಅವನ ನಗುವನ್ನು ನೆಮ್ಮದಿಯಿಂದ ನೋಡಿದಳು. ಕೆಳಸಾಲಿನ ಬಲಗಡೆ ಎರಡು ಹಲ್ಲು ಸಡಿಲವಾಗಿದ್ದವು. ಇನ್ನು ಎರಡು ವರ್ಷ, ಹೆಚ್ಚೆಂದರೆ ಮೂರು.